ಬೂಟು ಕೊಳ್ಳುವ ಮುನ್ನ, ಕೊಂಡ ಮೇಲೆ

ಅಕ್ಕಿ ಕೊಳ್ಳುವಾಗ ಒಂದು ಹಿಡಿ ಅಂಗೈಗೆ ಸುರಿದು ನೋಡುತ್ತೇವೆ. ಬಟ್ಟೆ ಕೊಳ್ಳುವಾಗ ಅಂಚು ತಿರುವಿ ನೂಲು ಪರೀಕ್ಷಿಸುತ್ತೇವೆ. ಮೀನು ಕೊಳ್ಳುವಾಗಲಂತೂ ಕಿವಿರು ಎತ್ತಿ ನೋಡದೆ ಚೀಲಕ್ಕೆ ಹಾಕಿಸಿಕೊಳ್ಳುವ ಗೃಹಿಣಿಯೇ ಇಲ್ಲ. ಆದರೆ ಪತಿಗೋ, ಮಗನಿಗೋ, ನಮಗೇ ಆಗಲಿ ಒಂದು ಜೊತೆ ಚರ್ಮದ ಬೂಟು ಕೊಳ್ಳಬೇಕಾಗಿ ಬಂದಾಗ ಈ ಜಾಣ್ಮೆಯೆಲ್ಲ ಎಲ್ಲಿ ಹೋಗುತ್ತದೋ! ಹೊಳಪು ನೋಡುತ್ತೇವೆ, ಬೆಲೆ ಕೇಳುತ್ತೇವೆ, ಸ್ವಲ್ಪ ಚೌಕಾಶಿ ಮಾಡಿ ಡಬ್ಬ ಕಟ್ಟಿಸಿಕೊಂಡು ಬರುತ್ತೇವೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲ್ಪದರ ಹಪ್ಪಳದಂತೆ ಏಳುತ್ತದೆ, ಅಟ್ಟೆ ಬಾಯಿ ಬಿಡುತ್ತದೆ. ಮತ್ತೆ ಅಂಗಡಿ, ಮತ್ತೆ ಖರ್ಚು.

ಒಂದು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೊಂದರಂತೆ ಸಾವಿರ ರೂಪಾಯಿಯ ಜೊತೆ ಕೊಂಡರೆ ಐದು ವರ್ಷಕ್ಕೆ ಐದು ಸಾವಿರ. ಮೂರು ಸಾವಿರದ ಒಂದು ಒಳ್ಳೆಯ ಜೊತೆ ಕೊಂಡು, ನಡುವೆ ಒಮ್ಮೆ ಐನೂರು ಕೊಟ್ಟು ಅಟ್ಟೆ ಬದಲಾಯಿಸಿದರೂ ಮೂರೂವರೆ ಸಾವಿರ. ಅಗ್ಗವೆಂದು ಕೊಂಡದ್ದೇ ದುಬಾರಿಯಾಯಿತಲ್ಲವೇ? ಆದರೆ ಬೆಲೆ ಹೆಚ್ಚು ಕೊಟ್ಟ ಮಾತ್ರಕ್ಕೆ ಒಳ್ಳೆಯ ಬೂಟು ಸಿಗುವುದಿಲ್ಲ. ಒಳ್ಳೆಯ ಬೂಟು ಕೂಡ ಆರೈಕೆಯಿಲ್ಲದೆ ಬಾಳುವುದಿಲ್ಲ. ಮನೆಯ ಖರ್ಚುವೆಚ್ಚದ ಹೊಣೆ ಹೊತ್ತ ಸಹೋದರಿಯರು ಈ ಎರಡನ್ನೂ ತಿಳಿದಿರುವುದು ಒಳ್ಳೆಯದು.

ಚರ್ಮ ನಡೆದು ಬಂದ ದಾರಿ

ಬಕ್ರೀದ್ ದಿನ ಕುರ್ಬಾನಿಯ ಚರ್ಮವನ್ನು ಮದ್ರಸಕ್ಕೋ ಯತೀಮ್‌ಖಾನಾಕ್ಕೋ ಕೊಡುವ ರೂಢಿ ನಮ್ಮ ಮನೆಗಳಲ್ಲಿದೆ. ಕೆಲವೇ ಗಂಟೆಗಳೊಳಗೆ ಅದಕ್ಕೆ ಚೆನ್ನಾಗಿ ಉಪ್ಪು ಹಚ್ಚದಿದ್ದರೆ ಚರ್ಮ ಕೊಳೆಯಲಾರಂಭಿಸುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಹೀಗೆ ಕೊಳೆಯುವ ವಸ್ತುವನ್ನು ಕೊಳೆಯದಂತೆ ಮಾಡುವ ವಿದ್ಯೆಯೇ ಚರ್ಮ ಹದಮಾಡುವ ವಿದ್ಯೆ. ಅರಬಿಯಲ್ಲಿ ಇದಕ್ಕೆ ದಿಬಾಗತ್ ಎನ್ನುತ್ತಾರೆ.

ಹದಮಾಡಲು ಮುಖ್ಯವಾಗಿ ಎರಡು ದಾರಿಗಳಿವೆ. ಮರದ ತೊಗಟೆ, ಅಳಲೆಕಾಯಿ ಮುಂತಾದವುಗಳ ಒಗರು ರಸದಲ್ಲಿ ವಾರಗಟ್ಟಲೆ ನೆನೆಸುವುದು ಹಳೆಯ ದಾರಿ. ಕ್ರೋಮಿಯಂ ಲವಣ ಬಳಸಿ ಒಂದೆರಡು ದಿನಗಳಲ್ಲಿ ಮುಗಿಸುವುದು ಹೊಸ ದಾರಿ. ಇಂದು ಪ್ರಪಂಚದ ಬಹುಪಾಲು ಬೂಟುಗಳ ಚರ್ಮ ಎರಡನೆಯ ದಾರಿಯಿಂದ ಬಂದದ್ದು. ಅದು ಮೃದು, ನೀರು ಶಾಖಗಳನ್ನು ಹೆಚ್ಚು ತಡೆದುಕೊಳ್ಳುತ್ತದೆ. ತೊಗಟೆಯಲ್ಲಿ ಹದವಾದದ್ದು ಗಟ್ಟಿ, ಬಳಸಿದಂತೆಲ್ಲ ಕಾಲಿನ ಆಕಾರಕ್ಕೆ ಒಗ್ಗುತ್ತದೆ, ಆದರೆ ನೀರನ್ನು ಬೇಗ ಹೀರುತ್ತದೆ. ಕೊಲ್ಹಾಪುರಿ ಚಪ್ಪಲಿ ಈ ಬಗೆಯದು. ಅದಕ್ಕೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಅಥಣಿಯಲ್ಲಿ ಮಾಡಿದ ಆ ಚಪ್ಪಲಿಯನ್ನು ಮಳೆಗಾಲದಲ್ಲಿ ಮೆಟ್ಟಬಾರದು ಎಂದು ಹಿರಿಯರು ಹೇಳುವುದರ ಕಾರಣ ಇದೇ.

ಬೂಟಿನ ವಿಷಯಕ್ಕೆ ಬಂದರೆ ನಮ್ಮ ನೆರೆಯ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಗಳನ್ನು ಮರೆಯುವಂತಿಲ್ಲ. ಪಾಲಾರ್ ನದಿಯ ಬಯಲಿನ ಈ ಊರುಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳು ತಲೆಮಾರುಗಳಿಂದ ಚರ್ಮದ ಉದ್ಯಮ ಕಟ್ಟಿ ಬೆಳೆಸಿದ್ದಾರೆ. ಕರ್ನಾಟಕದ ಎಷ್ಟೋ ಉಲಮಾಗಳು ಕಲಿತ ಉಮರಾಬಾದಿನ ಜಾಮಿಆ ದಾರುಸ್ಸಲಾಮ್ ಇರುವುದು ಆಂಬೂರಿನ ಹತ್ತಿರವೇ. 1924ರಲ್ಲಿ ಅದನ್ನು ಸ್ಥಾಪಿಸಿದ ಕಾಕಾ ಮುಹಮ್ಮದ್ ಉಮರ್ ಚರ್ಮದ ವ್ಯಾಪಾರಿಯಾಗಿದ್ದರು. ಈ ಊರುಗಳ ಬೂಟು ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಬೂಟಿನ ಮೇಲ್ಭಾಗವನ್ನು ಮನೆಗೆ ತಂದು, ಜೊತೆಗೆ ಇಷ್ಟು ಎಂಬ ಕೂಲಿಗೆ ಕೈಯಲ್ಲಿ ಹೊಲಿದು ಕೊಡುವ ತಾಯಂದಿರೂ ಇದ್ದಾರೆ.

ಈ ಉದ್ಯಮದ ಇನ್ನೊಂದು ಮುಖವೂ ಇದೆ. ಒಂದು ಕಿಲೋ ಹಸಿ ಚರ್ಮ ಹದವಾಗಲು ಸುಮಾರು 30ರಿಂದ 40 ಲೀಟರ್ ನೀರು ಬೇಕು. ಉಪ್ಪು, ರಾಸಾಯನಿಕ ತುಂಬಿದ ಆ ನೀರು ಪಾಲಾರ್ ನದಿಯನ್ನೂ ಸುತ್ತಲಿನ ಬಾವಿಗಳನ್ನೂ ಕೆಡಿಸಿತು. ವೆಲ್ಲೂರಿನ ನಾಗರಿಕರು ಹೂಡಿದ ದಾವೆಯಲ್ಲಿ 1996ರಲ್ಲಿ ತೀರ್ಪಿತ್ತ ಸುಪ್ರೀಮ್ ಕೋರ್ಟು, ಮಲಿನ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂಬ ತತ್ವ ಈ ನೆಲದ ಕಾನೂನಿನ ಭಾಗವೆಂದು ಸಾರಿತು. 2015ರ ಜನವರಿ 31ರಂದು ರಾಣಿಪೇಟೆಯಲ್ಲಿ ಚರ್ಮ ಕಾರ್ಖಾನೆಗಳ ಕೊಳಚೆ ಶುದ್ಧೀಕರಣ ಘಟಕದ ತೊಟ್ಟಿಯ ಗೋಡೆ ಕುಸಿದು, ಪಕ್ಕದಲ್ಲಿ ಮಲಗಿದ್ದ 10 ಮಂದಿ ಆ ಕೆಸರಿನಲ್ಲೇ ಪ್ರಾಣ ಬಿಟ್ಟರು.

ಒಂದು ಪ್ರಾಣಿಯ ಜೀವ, ಒಂದು ನದಿಯ ನೀರು, ಎಷ್ಟೋ ಕೈಗಳ ದುಡಿಮೆ ಸೇರಿ ನಮ್ಮ ಹೊಸ್ತಿಲಿಗೆ ಬಂದ ವಸ್ತು ಇದು. ಅದನ್ನು ಒಂದೇ ವರ್ಷದಲ್ಲಿ ತಿಪ್ಪೆಗೆ ಎಸೆಯುವುದು ಬರೀ ಹಣದ ನಷ್ಟವಲ್ಲ, ಅದು ಇಸ್ರಾಫ್ ಕೂಡ ಹೌದು.

'ಅಸಲಿ ಚರ್ಮ' ಎಂಬ ಮುದ್ರೆ

ಬೂಟಿನ ಒಳಗೆ 'ಜೆನ್ಯೂನ್ ಲೆದರ್' ಎಂಬ ಮುದ್ರೆ ಕಂಡರೆ ನಮಗೆ ಸಮಾಧಾನವಾಗುತ್ತದೆ. ಆದರೆ ಅದರಲ್ಲಿ ಚರ್ಮ ಇದೆ ಎಂಬುದಷ್ಟೇ ಆ ಮುದ್ರೆಯ ಅರ್ಥ. ಎಂಥ ಚರ್ಮ ಎಂಬುದನ್ನು ಅದು ಹೇಳುವುದಿಲ್ಲ.

ಚರ್ಮದ ಮೇಲ್ಪದರದಲ್ಲಿ ನಾರುಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ. ಶಕ್ತಿಯೆಲ್ಲ ಇರುವುದು ಅಲ್ಲಿ. ಆ ಪದರವನ್ನು ಉಜ್ಜದೆ ಹಾಗೆಯೇ ಉಳಿಸಿದ ಚರ್ಮ ಎಲ್ಲಕ್ಕಿಂತ ಉತ್ತಮ. ಇದನ್ನು 'ಫುಲ್ ಗ್ರೇನ್' ಎನ್ನುತ್ತಾರೆ. ಗಾಯದ ಕಲೆಗಳನ್ನು ಮರೆಮಾಡಲು ಮೇಲ್ಮೈ ಉಜ್ಜಿ, ಬಣ್ಣ ಬಳಿದು, ಅಚ್ಚು ಒತ್ತಿದ್ದು ಎರಡನೆಯ ದರ್ಜೆ. ದಪ್ಪ ಚರ್ಮವನ್ನು ಸೀಳಿದಾಗ ಸಿಗುವ ಕೆಳಪದರ ಮೂರನೆಯದು. ಇದರ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟು ಮೇಲ್ಪದರದಂತೆ ಕಾಣಿಸುತ್ತಾರೆ. ಕೊನೆಯದು 'ಬಾಂಡೆಡ್ ಲೆದರ್', ಅಂದರೆ ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು. ಇದು ಹೆಸರಿಗಷ್ಟೇ ಚರ್ಮ. ರೆಕ್ಸಿನ್‌ನಲ್ಲಂತೂ ಚರ್ಮವೇ ಇಲ್ಲ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಅಷ್ಟೇ.

ಅಂಗಡಿಯಲ್ಲಿ ಗುರುತಿಸುವುದು ಹೇಗೆ? ನಮ್ಮ ಬೆರಳು, ಕಣ್ಣು, ಮೂಗು ಸಾಕು.

ಬೂಟಿನ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಒಳ್ಳೆಯ ಚರ್ಮದಲ್ಲಿ ಬೆರಳಿನ ಸುತ್ತ ನವಿರಾದ ಗೆರೆಗಳು ಮೂಡಿ, ಬಿಟ್ಟಾಗ ಮಾಯವಾಗುತ್ತವೆ. ಪ್ಲಾಸ್ಟಿಕ್ ಲೇಪವಿದ್ದರೆ ಒತ್ತಿದಲ್ಲಿ ಬರೀ ಕುಳಿ ಬೀಳುತ್ತದೆ, ಅಥವಾ ಒರಟಾದ ಮಡಿಕೆ ಏಳುತ್ತದೆ. ನಾಲಿಗೆಯ ಅಂಚನ್ನೋ ಲೇಸಿನ ತೂತಿನ ಹಿಂಬದಿಯನ್ನೋ ನೋಡಿ. ಚರ್ಮವಾದರೆ ನಾರುನಾರಾಗಿ ಕಾಣುತ್ತದೆ, ರೆಕ್ಸಿನ್ ಆದರೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಮೂಸಿ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ. ಎರಡೂ ಬೂಟುಗಳ ಮೇಲ್ಮೈಯ ಗೆರೆ, ಚುಕ್ಕಿಗಳು ಒಂದೇ ಅಚ್ಚಿನಿಂದ ತೆಗೆದಂತೆ ತದ್ರೂಪವಾಗಿದ್ದರೆ ಅದು ಯಂತ್ರ ಒತ್ತಿದ ಅಚ್ಚು. ಪ್ರಾಣಿಯ ಮೈಯಲ್ಲಿ ಎಲ್ಲೆಡೆ ಒಂದೇ ತೆರನ ಗೆರೆ ಇರುವುದಿಲ್ಲ.

ಒಮ್ಮೆ ನಿಜವಾದ ಚರ್ಮವನ್ನು ಮುಟ್ಟಿ ಕೈ ಪಳಗಿಸಿಕೊಂಡರೆ ಮತ್ತೆ ಮೋಸಹೋಗುವ ಭಯ ಕಡಿಮೆ. ನಮ್ಮ ರಾಜ್ಯ ಸರಕಾರ 1976ರಲ್ಲಿ ಸ್ಥಾಪಿಸಿದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮದ ಲಿಡ್ಕರ್ ಮಳಿಗೆಗಳಿರುವ ಊರುಗಳಲ್ಲಿ ಹೋಗಿ ಮುಟ್ಟಿ ನೋಡಬಹುದು.

ಅಟ್ಟೆಯ ಗುಟ್ಟು

ಮೇಲ್ಭಾಗ ಎಷ್ಟೇ ಚೆನ್ನಾಗಿದ್ದರೂ ಬೂಟಿನ ಆಯುಷ್ಯ ನಿಂತಿರುವುದು ಅಟ್ಟೆಯ ಮೇಲೆ. ಹೆಚ್ಚಿನ ಬೂಟುಗಳಲ್ಲಿ ಅಟ್ಟೆಯನ್ನು ಅಂಟಿನಿಂದ ಕೂಡಿಸಿರುತ್ತಾರೆ. ಬೆಲೆ ಕಡಿಮೆ, ತೂಕವೂ ಕಡಿಮೆ. ಆದರೆ ಅಂಟು ಬಿಟ್ಟರೆ ಮತ್ತೆ ಗಟ್ಟಿಯಾಗಿ ಕೂಡಿಸುವುದು ಕಷ್ಟ. ಇನ್ನು ಕೆಲವು ಬೂಟುಗಳಲ್ಲಿ ಅಂಚಿನುದ್ದಕ್ಕೂ ಒಂದು ಚರ್ಮದ ಪಟ್ಟಿ ಸೇರಿಸಿ, ಮೇಲ್ಭಾಗವನ್ನೂ ಅಟ್ಟೆಯನ್ನೂ ಆ ಪಟ್ಟಿಗೆ ಹೊಲಿದಿರುತ್ತಾರೆ. 'ಗುಡ್‌ಇಯರ್ ವೆಲ್ಟ್' ಎನ್ನುವುದು ಈ ಹೊಲಿಗೆಯನ್ನೇ. ಇದರಲ್ಲಿ ಅಟ್ಟೆ ಸವೆದರೆ ಹೊಲಿಗೆ ಬಿಚ್ಚಿ ಹೊಸದು ಹಾಕಿಸಬಹುದು, ಮೇಲ್ಭಾಗಕ್ಕೆ ಏನೂ ಆಗುವುದಿಲ್ಲ. ಆದರೆ ಎಚ್ಚರ! ಅಂಟಿಸಿದ ಅಟ್ಟೆಯ ಅಂಚಿಗೆ ಬರೀ ಅಂದಕ್ಕೆ ಹೊಲಿಗೆಯ ಅಚ್ಚು ಒತ್ತುವುದೂ ಉಂಟು. ಬೂಟನ್ನು ಮಗುಚಿ ನೋಡಿ. ಮೇಲಿನ ದಾರ ಅಟ್ಟೆಯ ಅಡಿಯಲ್ಲೂ ಬಂದಿದೆಯೇ, ಅಥವಾ ಅಡಿಯಲ್ಲಿ ಹೊಲಿಗೆಯನ್ನು ಮುಚ್ಚಿದ ಸಾಲು ಕಾಣುತ್ತದೆಯೇ ಎಂದು ಪರಿಶೀಲಿಸಿ. ಸಂಶಯವಾದರೆ, "ಇದರ ಅಟ್ಟೆ ಬದಲಾಯಿಸಲು ಆಗುತ್ತದೆಯೇ?" ಎಂದು ನೇರವಾಗಿ ಕೇಳಿ.

ಅಟ್ಟೆ ಯಾವುದರಿಂದ ಮಾಡಿದ್ದು ಎಂಬುದೂ ಮುಖ್ಯ. ಪಿ.ಯು. ಎಂದು ಕರೆಯುವ ಪಾಲಿಯುರೆಥೇನ್ ಅಟ್ಟೆ ಹಗುರ, ಮೆತ್ತಗೆ. ಆದರೆ ಗಾಳಿಯ ತೇವವನ್ನು ಹೀರಿ ಅದು ಒಳಗಿಂದೊಳಗೇ ಶಿಥಿಲವಾಗುತ್ತದೆ. ಮದುವೆಗೆಂದು ಕೊಂಡು ಕಪಾಟಿನಲ್ಲಿ ಜೋಪಾನವಾಗಿಟ್ಟ ಬೂಟನ್ನು ನಾಲ್ಕೈದು ವರ್ಷದ ನಂತರ ತೆಗೆದು ಮೆಟ್ಟಿದಾಗ ಅಟ್ಟೆ ರೊಟ್ಟಿಯ ಚೂರಿನಂತೆ ಉದುರಿದ ಕಥೆಯನ್ನು ಅನೇಕರು ಹೇಳುತ್ತಾರೆ. ಅಂಥ ಬೂಟನ್ನು ಕೂಡಿಡುವುದಕ್ಕಿಂತ ಆಗಾಗ ಬಳಸುವುದೇ ಲೇಸು. ಕರಾವಳಿ, ಮಲೆನಾಡಿನ ತೇವದ ಹವೆಗೆ ರಬ್ಬರ್ ಅಟ್ಟೆ ಹೆಚ್ಚು ಸೂಕ್ತ. ಪೂರ್ತಿ ಚರ್ಮದ ಅಟ್ಟೆ ಒಣ ನೆಲಕ್ಕೆ ಚೆಂದ, ನಮ್ಮ ಮಳೆಗಲ್ಲ.

ಕಾಲಿಗೆ ತಕ್ಕ ಅಳತೆ

ಬೂಟು ಕೊಳ್ಳಲು ಸಂಜೆ ಹೋಗಬೇಕು. ದಿನವಿಡೀ ನಿಂತು, ನಡೆದು ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಬೂಟು ಸಂಜೆ ಬಿಗಿಯಾಗುತ್ತದೆ. ಬಹಳ ಮಂದಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತದೆ. ದೊಡ್ಡ ಪಾದಕ್ಕೆ ಸರಿಹೋಗುವುದನ್ನು ಕೊಳ್ಳಿ. ನಿತ್ಯ ಹಾಕುವ ಕಾಲುಚೀಲ ತೊಟ್ಟೇ ಮೆಟ್ಟಿ ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ನಡೆದಾಗ ಹಿಮ್ಮಡಿ ಮೇಲೆ ಜಾರಬಾರದು. "ಚರ್ಮ ಹಿಗ್ಗುತ್ತದೆ" ಎಂಬ ಮಾತು ಅಂಗಡಿಯವರ ಬಾಯಲ್ಲಿ ಸಾಮಾನ್ಯ. ಚರ್ಮ ಅಗಲದಲ್ಲಿ ತುಸು ಹಿಗ್ಗುವುದು ನಿಜ, ಉದ್ದದಲ್ಲಿ ಹಿಗ್ಗುವುದಿಲ್ಲ.

ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದರು. ಭಾರತೀಯರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲ ಎಂಬುದು ಅದರಿಂದ ತಿಳಿದುಬಂತು. ಇಂಗ್ಲೆಂಡಿನ ಅಳತೆಯ ಕಿರಿದಾದ ಬೂಟು ನಮ್ಮಲ್ಲಿ ಅನೇಕರಿಗೆ ಏಕೆ ಕಚ್ಚುತ್ತದೆ ಎಂಬುದು ಈಗ ಅರ್ಥವಾಗುತ್ತದೆ. ಬೂಟು ಪಕ್ಕದಲ್ಲಿ ಬಿಗಿಯೆಂದು ಒಂದು ಅಳತೆ ದೊಡ್ಡದು ಕೊಂಡರೆ ಹಿಮ್ಮಡಿ ಸಡಿಲವಾಗುತ್ತದೆ. ಅದರ ಬದಲು ಅಗಲವಾದ ಮಾದರಿಯನ್ನೇ ಕೇಳಿ. ಹೆಣ್ಣುಮಕ್ಕಳ ಪಾದದ ಬೆಳವಣಿಗೆ ಸುಮಾರು 11ನೇ ವಯಸ್ಸಿಗೆ, ಗಂಡುಮಕ್ಕಳದು 15-16ರ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ ಎಂಬುದೂ ಆ ಸಮೀಕ್ಷೆಯಲ್ಲಿ ಕಂಡುಬಂತು. ಬೆಳೆಯುವ ಮಕ್ಕಳಿಗೆ ದುಬಾರಿ ಬೂಟು ಬೇಡ. ಮೂರು ತಿಂಗಳಿಗೊಮ್ಮೆ ಅಳತೆ ನೋಡಿದರೆ ಸಾಕು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಈ ಎಚ್ಚರ ಇಮ್ಮಡಿಯಾಗಬೇಕು. ಅವರಲ್ಲಿ ಅನೇಕರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ಬೂಟು ಕಚ್ಚಿದ್ದು, ಒಳಗೆ ಕಲ್ಲು ಸೇರಿದ್ದು ತಿಳಿಯುವುದೇ ಇಲ್ಲ. ಸಣ್ಣ ಗುಳ್ಳೆ ಹುಣ್ಣಾಗಿ, ಬೆರಳನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಮೆಟ್ಟುವ ಮುನ್ನ ಪ್ರತಿ ಸಲ ಒಳಗೆ ಕೈಯಾಡಿಸಬೇಕು. ರಾತ್ರಿ ಪಾದ ತೊಳೆದು ಒರೆಸಿ ನೋಡಬೇಕು. ಮುಂಭಾಗ ಅಗಲವಾದ, ಒಳಗೆ ಹೊಲಿಗೆಯ ಗಂಟಿಲ್ಲದ ಬೂಟೇ ಅವರಿಗೆ ಬೇಕು.

ದುಡಿಯಲು ಹೋಗುವವರ ಬೂಟು

ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಇಲ್ಲಿಯೂ ಬಂದರು, ಗ್ಯಾರೇಜು, ಕಟ್ಟಡ ಕೆಲಸಗಳಿಗೆ ಹೋಗುವವರಿದ್ದಾರೆ. ಅವರಿಗೆ ಬೂಟು ಅಲಂಕಾರದ ವಸ್ತುವಲ್ಲ, ಕಾಲು ಕಾಯುವ ಕವಚ. ನಮ್ಮ ದೇಶದಲ್ಲಿ ಸುರಕ್ಷತಾ ಬೂಟಿಗೆ ಐ.ಎಸ್. 15298 ಎಂಬ ಮಾನಕವಿದೆ. ಐ.ಎಸ್.ಐ. ಗುರುತಿನ ಜೊತೆ ಈ ಸಂಖ್ಯೆ ಇದೆಯೇ ನೋಡಿ. ಕೊಲ್ಲಿಯಲ್ಲಿ ಸಾಮಾನ್ಯವಾಗಿ ಕಾಣುವುದು ಐ.ಎಸ್.ಒ. 20345. ಈ ಮಾನಕದಂತೆ ಬೂಟಿನ ಮುಂಭಾಗದ ಟೋಪಿ 200 ಜೌಲ್ ಹೊಡೆತ ತಾಳಬೇಕು. ಅಂದರೆ 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದರೂ ಬೆರಳು ಉಳಿಯಬೇಕು. ಎಸ್ 1 ಎಂಬ ಗುರುತಿನದು ಒಣ ಜಾಗದ ಕೆಲಸಕ್ಕೆ. ಎಸ್ 3 ನೀರನ್ನು ತಡೆಯುತ್ತದೆ, ಮೊಳೆ ಚುಚ್ಚದಂತೆ ಅಟ್ಟೆಯಲ್ಲಿ ರಕ್ಷಣೆ ಇರುತ್ತದೆ. ಕಟ್ಟಡ ಕೆಲಸಕ್ಕೆ ಇದೇ ಬೇಕು. ಒಮ್ಮೆ ಭಾರವಾದದ್ದು ಬಿದ್ದು ಜಜ್ಜಿದ ಬೂಟು ಹೊರಗೆ ಸರಿಯಾಗಿ ಕಂಡರೂ ಬದಲಾಯಿಸಬೇಕು. ಮಗ ಫೋನ್ ಮಾಡಿದಾಗ "ಊಟ ಆಯಿತೇ?" ಎಂದು ಕೇಳುವಂತೆ "ಬೂಟು ಹೇಗಿದೆ?" ಎಂದೂ ಕೇಳಿ.

ಒಳಗಿನ ಅಸ್ತರು ಯಾವುದರದು?

ವಿದೇಶದಿಂದ ಬರುವ ಬೂಟುಗಳ ಬಗ್ಗೆ ಸಹೋದರಿಯರು ಕೇಳುವ ಪ್ರಶ್ನೆ ಇದು. ಹಂದಿಯ ಚರ್ಮ ತೆಳು, ಮೃದು, ಅಗ್ಗ. ಆದ್ದರಿಂದ ಕೆಲವು ದೇಶಗಳಲ್ಲಿ ಅದನ್ನು ಬೂಟಿನ ಒಳ ಅಸ್ತರಿಗೆ ಬಳಸುತ್ತಾರೆ. ಪ್ರಾಣಿಗಳ ಚರ್ಮ ಹದಮಾಡಿದಾಗ ಶುದ್ಧವಾಗುತ್ತದೆ, ಆದರೆ ಹಂದಿಯ ಚರ್ಮಕ್ಕೆ ಇದು ಅನ್ವಯಿಸದು ಎಂಬುದು ಹನಫಿ ಮತ್ತು ಶಾಫಿಈ ಎರಡೂ ಮದ್‌ಹಬ್‌ಗಳ ನಿಲುವು. ಶಾಫಿಈ ಮದ್‌ಹಬ್‌ನಲ್ಲಿ ನಾಯಿಯ ಚರ್ಮಕ್ಕೂ ಇದೇ ನಿಯಮ.

ಗುರುತು ಹೇಗೆ? ಹಂದಿಯ ಚರ್ಮದಲ್ಲಿ ರೋಮದ ರಂಧ್ರಗಳು ಮೂರು ಮೂರಾಗಿ ತ್ರಿಕೋನದ ಗುಂಪುಗಳಲ್ಲಿ ಇರುತ್ತವೆ. ಬೆಳಕಿಗೆ ಹಿಡಿದು ನೋಡಿದರೆ ಬರಿಗಣ್ಣಿಗೂ ಕಾಣುತ್ತದೆ. ಆದರೆ ಉಜ್ಜಿ ಬಣ್ಣ ಬಳಿದ ಚರ್ಮದಲ್ಲಿ ಈ ಗುರುತು ಅಳಿಸಿರಬಹುದು. ಯುರೋಪಿಗೆಂದು ತಯಾರಾದ ಬೂಟುಗಳಲ್ಲಿ ಚಿಕ್ಕ ಚಿತ್ರಗಳ ಚೀಟಿ ಇರುತ್ತದೆ. ಹರಡಿದ ತೊಗಲಿನ ಚಿತ್ರವಿದ್ದರೆ ಚರ್ಮ, ಬಲೆಯಂಥ ಚಿತ್ರವಿದ್ದರೆ ಬಟ್ಟೆ, ಬರೀ ವಜ್ರಾಕೃತಿ ಇದ್ದರೆ ಪ್ಲಾಸ್ಟಿಕ್ ಮುಂತಾದ ಬೇರೆ ವಸ್ತು. ಮೇಲ್ಭಾಗ, ಅಸ್ತರು, ಅಟ್ಟೆ ಮೂರಕ್ಕೂ ಪ್ರತ್ಯೇಕ ಗುರುತಿರುತ್ತದೆ. ಆದರೆ ಯಾವ ಪ್ರಾಣಿಯ ಚರ್ಮ ಎಂಬುದನ್ನು ಈ ಚಿತ್ರಗಳು ಹೇಳುವುದಿಲ್ಲ. ಸಂಶಯವಿದ್ದರೆ ಬಟ್ಟೆಯ ಅಸ್ತರಿನದು ಕೊಳ್ಳುವುದೇ ನೆಮ್ಮದಿ. ಹಾಗೆಂದು ಕಂಡದ್ದನ್ನೆಲ್ಲ ಶಂಕಿಸಿ ಮನಸ್ಸು ಕೆಡಿಸಿಕೊಳ್ಳಬೇಕಾಗಿಲ್ಲ.

ಹೊಲಿಗೆಗೂ ನಮಾಝಿಗೂ ನಂಟು

ಚರ್ಮದ ಮೋಜಾ, ಅಂದರೆ ಖುಫ್ಫ್, ನಮಗೆ ಹೊಸದಲ್ಲ. ಪೂರ್ಣ ವುಝೂ ಮಾಡಿ ಧರಿಸಿದ ಮೋಜಾದ ಮೇಲೆ, ವುಝೂ ಮುರಿದ ಬಳಿಕ ಕಾಲು ತೊಳೆಯುವ ಬದಲು ಒದ್ದೆ ಕೈಯಿಂದ ಸವರಿದರೆ ಸಾಕು. ಊರಲ್ಲಿರುವವರಿಗೆ ಒಂದು ಹಗಲು ಒಂದು ರಾತ್ರಿ, ಮುಸಾಫಿರರಿಗೆ ಮೂರು ಹಗಲು ಮೂರು ರಾತ್ರಿ ಈ ರಿಯಾಯಿತಿ ಇದೆ. ಚಳಿಯಲ್ಲಿ ಬಾಗಲಾರದ ಅಜ್ಜಿಯಂದಿರಿಗೆ, ದೂರದ ಬಸ್ಸು ಲಾರಿ ಓಡಿಸುವವರಿಗೆ, ಶೀತದೇಶಕ್ಕೆ ಓದಲು ಹೋದ ಮಕ್ಕಳಿಗೆ ಇದು ದೊಡ್ಡ ಸೌಲಭ್ಯ.

ಕಾಲಿನ ಗೆಣ್ಣು ಮುಚ್ಚುವ ಚರ್ಮದ ಬೂಟಿಗೂ ಷರತ್ತುಗಳು ಪೂರ್ತಿಯಾದರೆ ಇದೇ ಹುಕುಮ್. ಆದರೆ ಮಸಹ್ ಮಾಡಿದ ಬೂಟನ್ನು ಮಸೀದಿಯ ಬಾಗಿಲಲ್ಲಿ ಕಳಚಿದರೆ ಆ ಮಸಹ್ ಉಳಿಯುವುದಿಲ್ಲ, ಕಾಲು ತೊಳೆಯಬೇಕಾಗುತ್ತದೆ. ಬೂಟಿನೊಳಗೆ ತೆಳುವಾದ ಚರ್ಮದ ಮೋಜಾ ಧರಿಸುವ ರೂಢಿ ಇರುವುದು ಅದಕ್ಕಾಗಿಯೇ.

ಹರಿದ ಮೋಜಾದ ವಿಷಯವೇನು? ಹನಫಿ ಮದ್‌ಹಬ್‌ನಲ್ಲಿ ಕಾಲಿನ ಮೂರು ಚಿಕ್ಕ ಬೆರಳುಗಳಷ್ಟು ಹರಿದಿದ್ದರೆ ಅದರ ಮೇಲೆ ಮಸಹ್ ಆಗದು. ಶಾಫಿಈ ಮದ್‌ಹಬ್‌ನಲ್ಲಿ ತೊಳೆಯಬೇಕಾದ ಭಾಗ ಸ್ವಲ್ಪ ಕಂಡರೂ ಆಗದು. ಹೆಚ್ಚಿನ ವಿವರಗಳನ್ನು ನಿಮ್ಮ ಊರಿನ ಆಲಿಮರಲ್ಲಿ ಕೇಳಿ ತಿಳಿಯಿರಿ. ನಾನು ಹೇಳಹೊರಟಿದ್ದು ಇಷ್ಟೇ: ಇಲ್ಲಿ ಒಂದು ಹೊಲಿಗೆ ಬಿಟ್ಟರೆ ಅದು ನಮಾಝಿಗೆ ಸಂಬಂಧಿಸಿದ ವಿಷಯ. ಮೋಜಾವನ್ನು ನೆರಳಲ್ಲಿ ಒಣಗಿಸಿ, ವಾರಕ್ಕೊಮ್ಮೆ ಹೊಲಿಗೆ ನೋಡಿ, ಆಗಾಗ ತೆಳುವಾಗಿ ಕ್ರೀಮು ಸವರಿಡಿ.

ವಾರಕ್ಕೆ ಹತ್ತು ನಿಮಿಷ

ಚರ್ಮಕ್ಕೆ ಹದಮಾಡುವಾಗ ಎಣ್ಣೆಯ ಅಂಶ ಕೊಟ್ಟಿರುತ್ತಾರೆ. ಬಿಸಿಲು, ಬೆವರು, ನೀರಿನಿಂದ ಅದು ಕ್ರಮೇಣ ಕಳೆದುಹೋಗುತ್ತದೆ. ಎಣ್ಣೆ ಕಳೆದುಕೊಂಡ ನಾರುಗಳು ಒಂದಕ್ಕೊಂದು ಉಜ್ಜಿ ಮಡಿಕೆಯಲ್ಲಿ ಬಿರುಕು ಬಿಡುತ್ತವೆ. ಕಳೆದದ್ದನ್ನು ಸ್ವಲ್ಪಸ್ವಲ್ಪವಾಗಿ ಮರಳಿ ಕೊಡುವುದೇ ಆರೈಕೆ.

ನಿತ್ಯ ಮಾಡಬೇಕಾದ್ದು ಬ್ರಶ್ಶಿನಿಂದ ಧೂಳು ತೆಗೆಯುವುದು, ಅಷ್ಟೇ. ಮಡಿಕೆಯಲ್ಲಿ ಕೂತ ಧೂಳು ಉಪ್ಪುಕಾಗದದಂತೆ ಚರ್ಮವನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಲೇಸು ಬಿಚ್ಚಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಕ್ರೀಮು ತೆಳುವಾಗಿ ಹಚ್ಚಿ. ಕಾಲು ಗಂಟೆ ಬಿಟ್ಟು ಬ್ರಶ್ಶಿನಿಂದ ಉಜ್ಜಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಕ್ರೀಮು ಚರ್ಮಕ್ಕೆ ಪೋಷಣೆ, ಡಬ್ಬಿಯ ಮೇಣದ ಪಾಲಿಶು ಹೊಳಪಿಗೆ ಮತ್ತು ನೀರು ತಡೆಯುವುದಕ್ಕೆ. ಪಾಲಿಶು ಒಂದನ್ನೇ ಪದರದ ಮೇಲೆ ಪದರ ಹಚ್ಚುತ್ತಾ ಹೋದರೆ ಅದೇ ಒಣಗಿ ಬಿರಿಯುತ್ತದೆ. ಒಂದೇ ಸಲ ಸವರಿದರೆ ಹೊಳೆಯುವ ಸ್ಪಂಜುಗಳು ಅವಸರಕ್ಕೆ ಮಾತ್ರ, ಅವುಗಳಿಂದ ಪೋಷಣೆ ಸಿಗದು.

"ತೆಂಗಿನ ಎಣ್ಣೆ ಹಚ್ಚಬಹುದೇ?" ಎಂದು ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಹಚ್ಚಿದ ದಿನ ಮೃದುವಾಗುತ್ತದೆ ನಿಜ. ಆದರೆ ಬಣ್ಣ ಕಪ್ಪಾಗುತ್ತದೆ, ಧೂಳು ಅಂಟುತ್ತದೆ, ಅತಿಯಾದರೆ ಚರ್ಮ ಜೋತುಬೀಳುತ್ತದೆ. ಅಡುಗೆಯ ಎಣ್ಣೆ ಅಡುಗೆಗೇ ಇರಲಿ. ಮಖಮಲ್ಲಿನಂತೆ ಮೆತ್ತಗಿರುವ ಸ್ವೇಡ್ ಚರ್ಮಕ್ಕೆ ಕ್ರೀಮು, ಪಾಲಿಶು ಎರಡೂ ಬೇಡ. ಒಣ ಬ್ರಶ್ಶು ಸಾಕು.

ಹೊಸ ಬೂಟನ್ನು ಮೊದಲ ದಿನವೇ ಇಡೀ ದಿನ ಮೆಟ್ಟಬೇಡಿ. ಒಂದು ವಾರ ಮನೆಯಲ್ಲಿ ದಿನಕ್ಕೊಂದು ಗಂಟೆ ಮೆಟ್ಟಿ ಪಳಗಿಸಿ. ಸಾಧ್ಯವಿದ್ದರೆ ಒಂದು ದಿನ ಮೆಟ್ಟಿದ ಬೂಟಿಗೆ ಮರುದಿನ ವಿರಾಮ ಕೊಡಿ. ಪಾದದ ಬೆವರು ಒಂದು ರಾತ್ರಿಯಲ್ಲಿ ಆರುವುದಿಲ್ಲ. ವಾಸನೆ ಇದ್ದರೆ ರಾತ್ರಿ ಒಳಗೆ ಸ್ವಲ್ಪ ಅಡುಗೆ ಸೋಡಾ ಉದುರಿಸಿ ಬೆಳಿಗ್ಗೆ ಕೊಡವಿಬಿಡಿ.

ಮಳೆಗಾಲದ ಜೋಪಾನ

ಚರ್ಮದ ಬೂಟು ಹಾಳಾಗುವುದು ನೀರಿನಿಂದಲ್ಲ, ನೆಂದ ಮೇಲೆ ನಾವು ಒಣಗಿಸುವ ರೀತಿಯಿಂದ. ಒಲೆಯ ಪಕ್ಕ, ಕಡುಬಿಸಿಲು, ಫ್ರಿಜ್ಜಿನ ಹಿಂಬದಿ, ಕೂದಲು ಒಣಗಿಸುವ ಯಂತ್ರ ಯಾವುದೂ ಬೇಡ. ಒದ್ದೆ ಚರ್ಮಕ್ಕೆ ಶಾಖ ತಗುಲಿದರೆ ನಾರು ಕುಗ್ಗಿ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಚರ್ಮ ಮತ್ತೆ ಮೊದಲಿನಂತಾಗದು. ಕೆಸರು ಒರೆಸಿ, ಲೇಸು ಮತ್ತು ಒಳ ಅಟ್ಟೆ ತೆಗೆದು, ಹಳೆಯ ಪತ್ರಿಕೆ ಮುದ್ದೆಮಾಡಿ ಒಳಗೆ ತುಂಬಿ. ಎರಡು ಮೂರು ಗಂಟೆಗೊಮ್ಮೆ ಕಾಗದ ಬದಲಾಯಿಸಿ. ಅಟ್ಟೆಗೂ ಗಾಳಿ ತಗುಲುವಂತೆ ಬೂಟನ್ನು ಪಕ್ಕಕ್ಕೆ ಮಲಗಿಸಿ, ಫ್ಯಾನಿನ ಗಾಳಿಯಲ್ಲಿಡಿ. ಒಂದೆರಡು ದಿನ ಹಿಡಿದರೆ ಹಿಡಿಯಲಿ. ಆರಿದ ಮೇಲೆ ಕ್ರೀಮು ಹಚ್ಚಲು ಮರೆಯಬೇಡಿ.

ಬೂಷ್ಟು ಹಿಡಿದರೆ ಮನೆಯೊಳಗೆ ಕೊಡವಬೇಡಿ. ಅದರ ಪುಡಿ ಗಾಳಿಯಲ್ಲಿ ಹರಡುತ್ತದೆ. ಹೊರಗೆ ಒಯ್ದು ಒಣ ಬ್ರಶ್ಶಿನಿಂದ ತೆಗೆದು, ಬಿಳಿ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿದ್ದರಲ್ಲಿ ಬಟ್ಟೆ ಅದ್ದಿ ಹಿಂಡಿ ಒರೆಸಿ, ಗಾಳಿಗೆ ಆರಿಸಿ. ಕಾಣದ ಮೂಲೆಯಲ್ಲಿ ಮೊದಲು ಒರೆಸಿ ನೋಡಿ, ಬಣ್ಣ ಬಿಡುವುದಿಲ್ಲವೆಂದು ಖಚಿತವಾದ ಮೇಲೆ ಮುಂದುವರಿಯಿರಿ. ಬೆವರು, ಸಮುದ್ರದ ನೀರು, ಹಿಮದ ದೇಶಗಳಲ್ಲಿ ರಸ್ತೆಗೆ ಸುರಿಯುವ ಉಪ್ಪು, ಇವುಗಳಿಂದಾಗುವ ಬಿಳಿ ಕಲೆಗೂ ಇದೇ ಮದ್ದು.

ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ನಮ್ಮಲ್ಲಿ ಸಾಮಾನ್ಯ. ಬೂಷ್ಟು ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹತ್ತಿಯ ಚೀಲದಲ್ಲಿಡಿ. ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಬೂಟಿನೊಳಗೆ ಇಡಿ, ಆದರೆ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ಬಹಳ ದಿನ ಇಟ್ಟ ಬೂಟನ್ನು ಮೆಟ್ಟುವ ಮುನ್ನ ಮಗುಚಿ ಕೊಡವಿ. ಚೇಳು, ಶತಪದಿಗಳಿಗೂ ಬೆಚ್ಚನೆಯ ಜಾಗ ಇಷ್ಟ.

ಎಸೆಯುವ ಮುನ್ನ

ಹಿಮ್ಮಡಿಯ ರಬ್ಬರು ಒಂದು ಪಕ್ಕಕ್ಕೆ ಸವೆದಾಗಲೇ ಬದಲಾಯಿಸಿದರೆ ಖರ್ಚು ಅಲ್ಪ. ಸವೆತ ಚರ್ಮದವರೆಗೆ ತಲುಪಿದರೆ ಮತ್ತೆ ಕಷ್ಟ. ಹೊಲಿಗೆ ಒಂದು ಅಂಗುಲ ಬಿಟ್ಟಾಗಲೇ ಹಾಕಿಸಿ. ಅಟ್ಟೆ ಕೂಡಿಸುವಾಗ ಬರೀ ಅಂಟು ಬೇಡ, ಸುತ್ತ ಹೊಲಿಗೆ ಹಾಕಿ ಎಂದು ಹೇಳಿ. ಬಸ್ ನಿಲ್ದಾಣದ ಬಳಿ ಕೊಡೆಯಡಿ ಕುಳಿತು ಚಪ್ಪಲಿ ಹೊಲಿಯುವ ಆ ಹಿರಿಯರ ಕೈಯಲ್ಲಿ ಎಷ್ಟೋ ತಲೆಮಾರುಗಳ ವಿದ್ಯೆ ಇದೆ. ಮೂರು ಸಾವಿರದ ಬೂಟು ಕೊಳ್ಳುವಾಗ ತುಟಿಪಿಟಕ್ಕೆನ್ನದ ನಾವು ಅವರ ಬಳಿ ಹತ್ತು ರೂಪಾಯಿಗೆ ಚೌಕಾಶಿ ಮಾಡುವುದು ನ್ಯಾಯವೇ?

ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಹರಿದದ್ದನ್ನು ಹೊಲಿದು ಬಳಸುವುದರಲ್ಲಿ ಯಾವ ಅವಮಾನವೂ ಇಲ್ಲ. ಮಕ್ಕಳಿಗೂ ಇದನ್ನು ಕಲಿಸೋಣ. ಹತ್ತು ವರ್ಷದ ಹುಡುಗ ತನ್ನ ಬೂಟನ್ನು ತಾನೇ ಒರೆಸಿ ಪಾಲಿಶು ಹಾಕಬಲ್ಲ. ಅದು ತಾಯಿಯ ಕೆಲಸವೆಂದು ಎಲ್ಲಿಯೂ ಬರೆದಿಲ್ಲ! ಮಕ್ಕಳ ಕಾಲಿಗೆ ಚಿಕ್ಕದಾಗಿ, ಇನ್ನೂ ಗಟ್ಟಿಯಾಗಿರುವ ಜೊತೆಯನ್ನು ಚೆನ್ನಾಗಿ ಒರೆಸಿ, ಲೇಸು ಬದಲಾಯಿಸಿ, ಬೇಕಾದವರಿಗೆ ಕೊಡೋಣ. ಕೊಡುವ ವಸ್ತು ನಾವೇ ಮೆಟ್ಟಲು ಯೋಗ್ಯವಾದಂತಿ­ರಲಿ.

ಮುಂದಿನ ಸಲ ಬೂಟು ಕೊಳ್ಳಲು ಹೋದಾಗ ಅಂಗಡಿಯವರು ಡಬ್ಬ ಕಟ್ಟುವ ಮುನ್ನ ಬೂಟನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ಒತ್ತಿ ನೋಡಿ, ಅಂಚು ತಿರುವಿ ನೋಡಿ, ಮಗುಚಿ ನೋಡಿ. ಮನೆಗೆ ತಂದ ಮೇಲೆ ವಾರಕ್ಕೆ ಹತ್ತು ನಿಮಿಷ ಕೊಡಿ. ಉಳಿದ ಹಣಕ್ಕೆ ಮನೆಯಲ್ಲಿ ಬೇರೆ ಬೇಕುಗಳು ಎಷ್ಟೋ ಇವೆ.